ನಾಯಿಗೆ ಹಸಿಮಾಂಸದ ಆಹಾರ: ನಮ್ಮ ಮನೆಗಳಿಗೆ ಒಗ್ಗುವ ಮಾತೇ?

ಮಹಾನಗರದ ಜೀವನದಲ್ಲಿ ನಾಯಿಯನ್ನು ಸಾಕುವುದು ಈಗ ಕೇವಲ ಶ್ರೀಮಂತರ ವಿಲಾಸವಾಗಿ ಉಳಿದಿಲ್ಲ. ಊರು ಬಿಟ್ಟು ಬಂದು ಮುಂಬಯಿ, ಠಾಣೆ, ಡೊಂಬಿವಲಿಗಳ ಎರಡು ಮೂರು ಕೋಣೆಗಳ ಮನೆಗಳಲ್ಲಿ ನೆಲೆನಿಂತಿರುವ ನಮ್ಮ ಕನ್ನಡಿಗ ಕುಟುಂಬಗಳಲ್ಲಿಯೂ ಅದು ಮನೆಯ ಒಬ್ಬ ಸದಸ್ಯನ ಸ್ಥಾನವನ್ನು ಪಡೆದುಕೊಂಡಿದೆ. ಗಂಡಹೆಂಡಿರಿಬ್ಬರೂ ಬೆಳಗಿನ ಲೋಕಲ್ ಗಾಡಿಯನ್ನು ಹಿಡಿದು ದುಡಿಯಲು ಹೋದ ಮೇಲೆ, ಶಾಲೆಯಿಂದ ಮರಳುವ ಮಗುವಿಗೂ, ಊರಿನಿಂದ ಬಂದು ನಾಲ್ಕು ಗೋಡೆಗಳ ನಡುವೆ ಹೊತ್ತು ಕಳೆಯುವ ಅಜ್ಜ ಅಜ್ಜಿಯರಿಗೂ ಅದೇ ಸಂಗಾತಿ. ಇಂಥ ಪ್ರಾಣಿಯ ಆರೋಗ್ಯದ ಬಗ್ಗೆ ಮನೆಯವರು ಕಾಳಜಿ ವಹಿಸುವುದು ಸಹಜವೂ ಹೌದು, ಸ್ತುತ್ಯವೂ ಹೌದು.

ನಾಯಿಯ ಮೇಲಿನ ಮಮತೆಯನ್ನು ಕನ್ನಡಿಗರು ಅನ್ಯರಿಂದ ಕಲಿಯಬೇಕಾಗಿಯೂ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಿಲಾಶಾಸನವು ಗಂಗರ ಎರಡನೆಯ ಬೂತುಗನ ಕಾಲದ್ದು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ಅದರ ಒಡೆಯನಾದ ಮಣಲೆರನು ನಿಲ್ಲಿಸಿದ ಕಲ್ಲು ಅದು. ಸಾವಿರ ವರ್ಷಗಳ ಹಿಂದೆಯೇ ನಾಯಿಗೆ ಸ್ಮಾರಕ ನಿಲ್ಲಿಸಿದ ನಾಡಿನವರು ನಾವು.

ಆದರೆ ಈ ಮಮತೆಯು ಇತ್ತೀಚಿನ ವರ್ಷಗಳಲ್ಲಿ ಹಿಡಿದಿರುವ ಒಂದು ಹೊಸ ಹಾದಿಯನ್ನು ಕುರಿತು ವಿಚಾರ ಮಾಡುವ ಅಗತ್ಯವಿದೆ ಎಂದು ನನಗೆ ತೋರುತ್ತದೆ. ಬೇಯಿಸಿದ ಅನ್ನ, ರೊಟ್ಟಿಗಳು ನಾಯಿಯ ಪ್ರಕೃತಿಗೆ ವಿರುದ್ಧವಾದವು, ಕಾರ್ಖಾನೆಯ ಒಣ ತಿನಿಸು ಅದಕ್ಕಿಂತಲೂ ಕೆಟ್ಟದ್ದು, ತೋಳದ ವಂಶಜನಾದ ನಾಯಿಗೆ ಹಸಿಮಾಂಸ, ಹಸಿ ಎಲುಬು, ಹಸಿ ಪಿತ್ತಜನಕಾಂಗಗಳೇ ನಿಜವಾದ ಆಹಾರ ಎಂಬ ವಾದವು ಈಗ ನಮ್ಮ ವಸತಿ ಸಂಕೀರ್ಣಗಳ ಅಂಗಳದಲ್ಲಿಯೂ ಕೇಳಿಬರುತ್ತಿದೆ. ಹೆಪ್ಪುಗಟ್ಟಿಸಿದ ಹಸಿಮಾಂಸದ ಪೊಟ್ಟಣಗಳನ್ನು ಮನೆಬಾಗಿಲಿಗೆ ತಲುಪಿಸುವ ವ್ಯಾಪಾರಿಗಳೂ ಮಹಾನಗರಗಳಲ್ಲಿ ಹುಟ್ಟಿಕೊಂಡಿದ್ದಾರೆ. ನಾನು ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ, ಓದಿದ್ದು ವಾಣಿಜ್ಯಶಾಸ್ತ್ರ. ಪಶುವೈದ್ಯರ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕು ನನಗಿಲ್ಲ. ಆದರೆ ಯಾವುದೇ ಪ್ರಸ್ತಾವ ಮೇಜಿನ ಮೇಲೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವುದು ನಮ್ಮ ವೃತ್ತಿಧರ್ಮ: ಇದರಿಂದ ಬರುವ ಲಾಭವೇನು? ಇರುವ ಅಪಾಯವೇನು? ಆ ಅಪಾಯವನ್ನು ಹೊರುವವರು ಯಾರು? ಪಶುವೈದ್ಯ ವಿಜ್ಞಾನಿಗಳು ಪ್ರಕಟಿಸಿರುವ ಸಂಗತಿಗಳನ್ನು ಮುಂದಿಟ್ಟುಕೊಂಡು ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ವಾದದ ಮೂಲ

ನಾಯಿಗೆಂದೇ ಪ್ರತ್ಯೇಕವಾದ ಆಹಾರವನ್ನು ತಯಾರಿಸಿ ಮಾರುವ ಪದ್ಧತಿ ಬಹಳ ಹಳೆಯದಲ್ಲ. 1860ರ ಸುಮಾರಿಗೆ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕನ್ನರು ಲಂಡನ್ನಿನಲ್ಲಿ ಧಾನ್ಯ, ತರಕಾರಿ ಮತ್ತು ಮಾಂಸದ ಅಂಶಗಳನ್ನು ಸೇರಿಸಿದ ನಾಯಿ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದರು. ಅದಕ್ಕಿಂತ ಮುಂಚೆ ಲೋಕದ ಬಹುಪಾಲು ನಾಯಿಗಳು ತಮ್ಮ ಒಡೆಯನ ಮನೆಯಲ್ಲಿ ಉಳಿದದ್ದನ್ನೇ ತಿಂದು ಬದುಕಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಬಿಸ್ಕತ್ತಿನ ಜಾಗಕ್ಕೆ ಡಬ್ಬಿಯ ಆಹಾರವೂ ಚೀಲದ ಒಣಗುಳಿಗೆಯೂ ಬಂದು, ಅದೊಂದು ಬೃಹತ್ ಉದ್ಯಮವಾಗಿ ಬೆಳೆಯಿತು.

ಈ ಉದ್ಯಮದ ವಿರುದ್ಧ ಎದ್ದ ಪ್ರತಿಕ್ರಿಯೆಯೇ ಹಸಿಮಾಂಸದ ಪಂಥ. ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್ ಅವರು 1993ರಲ್ಲಿ ಪ್ರಕಟಿಸಿದ ಪುಸ್ತಕವು ಈ ಪಂಥಕ್ಕೆ ಆಧಾರಗ್ರಂಥದಂತಾಯಿತು. ನಾಯಿಯ ಪೂರ್ವಜರು ತಿನ್ನುತ್ತಿದ್ದಂತೆ ಹಸಿ ಎಲುಬು, ಮಾಂಸ, ಒಳ ಅಂಗಗಳು ಮತ್ತು ಸ್ವಲ್ಪ ತರಕಾರಿಯನ್ನು ಕೊಡಬೇಕೆಂಬುದು ಅವರ ಸಿದ್ಧಾಂತ. ಎಂಬತ್ತು ಪಾಲು ಮಾಂಸ, ಹತ್ತು ಪಾಲು ಎಲುಬು, ಹತ್ತು ಪಾಲು ಒಳ ಅಂಗ ಎಂಬ ಇನ್ನೊಂದು ಸೂತ್ರವೂ ಅನಂತರ ಪ್ರಚಾರಕ್ಕೆ ಬಂದಿತು. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆತ ಸಿದ್ಧ ಆಹಾರದಿಂದ ಸಾಕುಪ್ರಾಣಿಗಳು ಮೂತ್ರಪಿಂಡ ಕೆಟ್ಟು ಸತ್ತಾಗ, ಕಾರ್ಖಾನೆಯ ಆಹಾರದ ಮೇಲಿನ ವಿಶ್ವಾಸ ಇನ್ನಷ್ಟು ಕುಸಿಯಿತು. ಆದುದರಿಂದ ಹಸಿಮಾಂಸದ ಪಕ್ಷಪಾತಿಗಳನ್ನು ಮೂಢರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಸಂಶಯಕ್ಕೆ ಕಾರಣವಿತ್ತು. ಆ ಸಂಶಯಕ್ಕೆ ಅವರು ಕಂಡುಕೊಂಡ ಪರಿಹಾರವು ಸರಿಯೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ಲಾಭವೇನು?

ಹಸಿಮಾಂಸಕ್ಕೆ ಬದಲಾಯಿಸಿದ ಮೇಲೆ ನಾಯಿಯ ಕೂದಲು ಹೊಳೆಯುತ್ತದೆ, ಮಲದ ಪ್ರಮಾಣ ಇಳಿಯುತ್ತದೆ, ಹಲ್ಲು ಸ್ವಚ್ಛವಾಗುತ್ತದೆ, ಚರ್ಮದ ತುರಿಕೆ ನಿಲ್ಲುತ್ತದೆ, ಮೊದಲು ಮೂಸಿ ನೋಡಿ ಬಿಡುತ್ತಿದ್ದ ನಾಯಿ ಈಗ ತಟ್ಟೆಯನ್ನು ನೆಕ್ಕಿ ಮುಗಿಸುತ್ತದೆ ಎಂದು ಅನುಸರಿಸುವವರು ಹೇಳುತ್ತಾರೆ. ಇವುಗಳಲ್ಲಿ ಕೆಲವು ನಿಜವೇ. ಮಾಂಸವು ಸುಲಭವಾಗಿ ಜೀರ್ಣವಾಗುವುದರಿಂದ ಮಲ ಕಡಿಮೆಯಾಗುತ್ತದೆ. ಕೊಬ್ಬಿನ ಅಂಶ ಹೆಚ್ಚಿದಾಗ ಕೂದಲಿಗೆ ಹೊಳಪು ಬರುತ್ತದೆ. ಎಲುಬನ್ನು ಕಡಿಯುವುದರಿಂದ ಹಲ್ಲಿನ ಮೇಲೆ ಕಟ್ಟಿದ ಗಾರೆ ಕಳಚುತ್ತದೆ, ಜೊತೆಗೆ ಹಲ್ಲು ಮುರಿಯುವುದೂ ಉಂಟು. ಆದರೆ ಮಲ ಮತ್ತು ಕೂದಲಿನ ಲಾಭಗಳು ಮಾಂಸದಿಂದ, ಕೊಬ್ಬಿನಿಂದ ಬಂದವೇ ಹೊರತು ಅದು ಹಸಿಯಾಗಿತ್ತು ಎಂಬ ಕಾರಣದಿಂದಲ್ಲ. ಅದೇ ಮಾಂಸವನ್ನು ಬೇಯಿಸಿ ಕೊಟ್ಟರೂ ಅವು ಬಹುಮಟ್ಟಿಗೆ ದೊರೆಯುತ್ತವೆ.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಸಾಕಿದವರಿಂದ ಪ್ರಶ್ನಾವಳಿಗಳ ಮೂಲಕ ಮಾಹಿತಿ ಸಂಗ್ರಹಿಸಿ, ಮರಿಯಿದ್ದಾಗ ಹಸಿಮಾಂಸ ತಿಂದ ನಾಯಿಗಳಲ್ಲಿ ಚರ್ಮದ ಅಲರ್ಜಿ ಕಡಿಮೆ ಎಂದು ವರದಿ ಮಾಡಿದ್ದಾರೆ. ಹಸಿಮಾಂಸದ ಪಕ್ಷಪಾತಿಗಳು ಹೆಚ್ಚಾಗಿ ಎತ್ತಿ ತೋರಿಸುವ ಆಧಾರವಿದು. ಒಡೆಯರು ತಾವೇ ನೆನಪಿನಿಂದ ಕೊಟ್ಟ ಉತ್ತರಗಳು ಎರಡು ಸಂಗತಿಗಳ ನಡುವಿನ ಸಂಬಂಧವನ್ನು ತೋರಿಸಬಲ್ಲವೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧಪಡಿಸಲಾರವು. ಇನ್ನೊಂದು ಮಾತನ್ನೂ ಗಮನಿಸಬೇಕು. ಅದೇ ತಂಡವು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರ ಊಟದಲ್ಲಿ ಉಳಿದದ್ದನ್ನು ತಿಂದು ಬೆಳೆದ ಮರಿಗಳಲ್ಲಿಯೂ ಮುಂದೆ ದೀರ್ಘಕಾಲದ ಕರುಳಿನ ಬೇನೆ ಕಡಿಮೆಯೆಂದು ಕಂಡುಬಂದಿದೆ. ಎಂದ ಮೇಲೆ ಬೆಂದ ಅನ್ನವು ನಾಯಿಗೆ ವಿಷವೆಂಬ ಮಾತಿಗೆ ಆಧಾರವೆಲ್ಲಿ ಉಳಿಯಿತು?

ನಾಯಿ ತೋಳವಲ್ಲ

ಈ ಇಡೀ ಸಿದ್ಧಾಂತದ ಅಡಿಗಲ್ಲು ನಾಯಿಯೂ ತೋಳವೂ ಒಂದೇ ಎಂಬ ನಂಬಿಕೆ. ವಂಶದಲ್ಲಿ ಅವು ಹತ್ತಿರದವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊಟ್ಟೆಯ ವಿಷಯದಲ್ಲಿ ಸಹಸ್ರಾರು ವರ್ಷಗಳ ಸಹವಾಸವು ನಾಯಿಯನ್ನು ಬದಲಾಯಿಸಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸ್ಪಷ್ಟಪಡಿಸುತ್ತದೆ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಜೀನು ತೋಳದಲ್ಲಿ ಎರಡೇ ಪ್ರತಿಗಳಷ್ಟಿದ್ದರೆ, ಅವರು ಪರೀಕ್ಷಿಸಿದ ನಾಯಿಗಳಲ್ಲಿ 4ರಿಂದ 30 ಪ್ರತಿಗಳಷ್ಟಿದ್ದವು. ಮಾನವನು ಬೇಸಾಯವನ್ನು ಕಲಿತು ಧಾನ್ಯವನ್ನು ಬೇಯಿಸಿ ತಿನ್ನತೊಡಗಿದಾಗ, ಅವನ ಒಲೆಯ ಪಕ್ಕದಲ್ಲಿ ಕುಳಿತ ನಾಯಿಯೂ ಅದಕ್ಕೆ ಹೊಂದಿಕೊಂಡಿತು ಎಂಬುದೇ ಇದರ ಅರ್ಥ.

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. ಹಳೆಯ ಮೈಸೂರಿನ ಹಳ್ಳಿಯ ನಾಯಿಗೆ ಮುದ್ದೆಯ ಚೂರು, ಕರಾವಳಿಯ ನಾಯಿಗೆ ಗಂಜಿ ಮತ್ತು ಮೀನಿನ ಶೇಷ, ಬಯಲುಸೀಮೆಯ ನಾಯಿಗೆ ಜೋಳದ ರೊಟ್ಟಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಎಂದರೆ ಓಟಕ್ಕೆ ಹೆಸರಾದ ತಳಿ. ಅದನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದ ರೈತರ ಮನೆಗಳಲ್ಲಿ ರೊಟ್ಟಿ, ನುಚ್ಚು, ಹಾಲುಗಳೇ ಅದರ ನಿತ್ಯದ ಆಹಾರ. ಬೆಂದ ಧಾನ್ಯದಿಂದ ನಾಯಿ ದುರ್ಬಲವಾಗುತ್ತದೆ ಎನ್ನುವವರು ಮುಧೋಳದ ನಾಯಿ ಓಡುವುದನ್ನು ಒಮ್ಮೆ ನೋಡಬೇಕು.

ಅಪಾಯವೇನು?

ಹಸಿಮಾಂಸದಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲಿ ಮೊದಲಾದ ರೋಗಾಣುಗಳಿರುವುದು ಅಪರೂಪದ ಸಂಗತಿಯಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಿಂದ 2012ರವರೆಗೆ ನಡೆಸಿದ ತಪಾಸಣೆಯಲ್ಲಿ ಸಾಕುಪ್ರಾಣಿಗಳಿಗೆಂದು ಮಾರುವ ಹಸಿಮಾಂಸದ 196 ಮಾದರಿಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ರೋಗಕಾರಕ ಲಿಸ್ಟೀರಿಯಾ ಕಂಡುಬಂದವು. ನೆದರ್ಲೆಂಡ್ಸ್ ದೇಶದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಹೆಪ್ಪುಗಟ್ಟಿಸಿ ಮಾರುತ್ತಿದ್ದ 35 ಮಾದರಿಗಳ ಪೈಕಿ 19ರಲ್ಲಿ ರೋಗಕಾರಕ ಲಿಸ್ಟೀರಿಯಾ, 8ರಲ್ಲಿ ಇ. ಕೋಲಿಯ ಅಪಾಯಕಾರಿ ಪ್ರಭೇದ, 7ರಲ್ಲಿ ಸಾಲ್ಮೊನೆಲ್ಲಾ ಇದ್ದವು. ಶೀತಲ ಸಾಗಾಣಿಕೆಯೂ ಸರಕಾರಿ ತಪಾಸಣೆಯೂ ಬಿಗಿಯಾಗಿರುವ ದೇಶಗಳ ಲೆಕ್ಕವಿದು. ನಮ್ಮ ಪೇಟೆಯ ಅಂಗಡಿಯಲ್ಲಿ ತೂಗಿ ಕೊಡುವ ಮಾಂಸವು, ಕೊಂಡವರು ಮನೆಗೆ ಒಯ್ದು ಚೆನ್ನಾಗಿ ಬೇಯಿಸಿಯೇ ತಿನ್ನುತ್ತಾರೆ ಎಂಬ ಭರವಸೆಯ ಮೇಲೆ ಮಾರಾಟವಾಗುವ ಪದಾರ್ಥ. ಮಾರುವವನ ಸ್ವಚ್ಛತೆಯ ಕೊರತೆಯನ್ನು ನಮ್ಮ ಒಲೆಯ ಬೆಂಕಿ ತುಂಬಿಕೊಡುತ್ತದೆ. ಆ ಬೆಂಕಿಯನ್ನೇ ತೆಗೆದುಬಿಟ್ಟರೆ ಉಳಿಯುವ ರಕ್ಷಣೆ ಯಾವುದು?

ಹೆಪ್ಪುಗಟ್ಟಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅತಿಶೀತದಲ್ಲಿ ಹಲವು ದಿನ ಇಟ್ಟರೆ ಕೆಲವು ಪರೋಪಜೀವಿಗಳು ಸಾಯುತ್ತವೆ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಮಲಗಿರುತ್ತವೆ. ಮಾಂಸ ಕರಗಿದ ಕೂಡಲೆ, ಅದರಲ್ಲಿಯೂ ಮುಂಬಯಿಯ ಜೂನ್ ತಿಂಗಳ ಸೆಕೆಯಲ್ಲಿ, ಅವು ಎಚ್ಚತ್ತು ವೃದ್ಧಿಯಾಗುತ್ತವೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಹೆಪ್ಪುಗಟ್ಟಿಸಿದ ಹಸಿ ಕೋಳಿವರ್ಗದ ಮಾಂಸವನ್ನು ತಿಂದ ಸಾಕುಬೆಕ್ಕೊಂದು ಹಕ್ಕಿಜ್ವರದಿಂದ ಸತ್ತದ್ದು ವರದಿಯಾಯಿತು. ಹಕ್ಕಿಜ್ವರದ ವೈರಸ್ಸೂ ಶೀತಪೆಟ್ಟಿಗೆಯನ್ನು ದಾಟಿ ಬರಬಲ್ಲದು ಎಂಬುದಕ್ಕೆ ಇದು ನಿದರ್ಶನ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಅಪಾಯವನ್ನು ವಿಶೇಷವಾಗಿ ಹೇಳಲೇಬೇಕು. ಕುರಿ, ಆಡು, ದನಗಳ ಪಿತ್ತಜನಕಾಂಗದಲ್ಲಿಯೂ ಶ್ವಾಸಕೋಶದಲ್ಲಿಯೂ ನೀರು ತುಂಬಿದ ಗುಳ್ಳೆಗಳು ಕಂಡುಬರುವುದುಂಟು. ಇವು ಒಂದು ಬಗೆಯ ಅತಿ ಚಿಕ್ಕ ಲಾಡಿಹುಳುವಿನ ಮರಿಗಳಿರುವ ಕೋಶಗಳು. ಅಂಥ ಅಂಗವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ತತ್ತಿಗಳು ಮಲದೊಡನೆ ಹೊರಬೀಳುತ್ತವೆ. ನಾಯಿಗೆ ಕಾಯಿಲೆಯ ಚಿಹ್ನೆಯೇ ಇರುವುದಿಲ್ಲ. ಅದರ ಮೈಯನ್ನು ಸವರಿ ಕೈತೊಳೆಯದೆ ತಿಂಡಿ ತಿಂದ ಮನುಷ್ಯನ ಹೊಟ್ಟೆಗೆ ಆ ತತ್ತಿ ಸೇರಿದರೆ, ಅವನ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಮೌನವಾಗಿ ಕೋಶ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯಬಹುದು. ಇದಕ್ಕೆ ಹೈಡಾಟಿಡ್ ರೋಗವೆಂದು ಹೆಸರು. ಭಾರತದಲ್ಲಿ ಇದು ಇಂದಿಗೂ ಇದೆ. ಕುರಿಸಾಕಣೆಯ ದೇಶವಾದ ನ್ಯೂಜಿಲೆಂಡ್ ಈ ಪಿಡುಗಿಗೆ ಬೇಸತ್ತು 1959ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತಂದು, ನಾಯಿಗೆ ಹಸಿಯಾದ ಒಳ ಅಂಗಗಳನ್ನು ಹಾಕುವುದನ್ನು ನಿಷೇಧಿಸಿತು. ದಶಕಗಳ ಪರಿಶ್ರಮದ ಫಲವಾಗಿ 2002ರಲ್ಲಿ ಆ ದೇಶವು ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಲ್ಪಟ್ಟಿತು. ಅನ್ಯರು ಕಾಯಿದೆ ಮಾಡಿ ಹೊರಗಟ್ಟಿದ ಅಭ್ಯಾಸವನ್ನು ನಾವು ದುಡ್ಡು ಕೊಟ್ಟು ಒಳಗೆ ಕರೆದುಕೊಳ್ಳುವುದು ಜಾಣತನವೆನಿಸದು.

ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ರೋಗಾಣುಗಳ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹಸಿಮಾಂಸ ತಿನ್ನುವ ನಾಯಿಗಳ ಮಲದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಔಷಧಕ್ಕೆ ಮಣಿಯದ ಇ. ಕೋಲಿ ಇರುವ ಸಂಭವ ಹೆಚ್ಚೆಂದು ತೋರಿಸಿದ್ದಾರೆ. ನಮ್ಮ ಮನೆಗಳ ಔಷಧದ ಡಬ್ಬಿಯಲ್ಲಿ ಈ ಮಾತ್ರೆಯ ಹೆಸರು ಎಷ್ಟು ಪರಿಚಿತವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಅಪಾಯವನ್ನು ಹೊರುವವರು ಯಾರು?

ಇಡೀ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆಂದು ತೋರುವುದು ಈ ಮೂರನೆಯ ಪ್ರಶ್ನೆ. ನಾಯಿಯ ಜಠರವು ಬಲವಾದದ್ದು, ಅದಕ್ಕೆ ಏನೂ ಆಗುವುದಿಲ್ಲ ಎಂದು ಸಮರ್ಥಕರು ಧೈರ್ಯ ಹೇಳುತ್ತಾರೆ. ಬಹುಮಟ್ಟಿಗೆ ಅದು ನಿಜವೂ ಹೌದು. ಸಾಲ್ಮೊನೆಲ್ಲಾ ಇದ್ದ ಹಸಿ ಆಹಾರವನ್ನು 16 ನಾಯಿಗಳಿಗೆ ತಿನ್ನಿಸಿದ ಒಂದು ಪ್ರಯೋಗವು 2007ರಲ್ಲಿ ಪ್ರಕಟವಾಗಿದೆ. ಅವುಗಳಲ್ಲಿ 7 ನಾಯಿಗಳು ಮುಂದಿನ ಒಂದರಿಂದ ಏಳು ದಿನಗಳವರೆಗೆ ಮಲದಲ್ಲಿ ಆ ರೋಗಾಣುವನ್ನು ವಿಸರ್ಜಿಸಿದವು. ಒಂದಕ್ಕೂ ಕಾಯಿಲೆಯಾಗಲಿಲ್ಲ. ಸಮರ್ಥಕರು ಇಲ್ಲಿ ಸಮಾಧಾನವನ್ನು ಕಂಡರೆ ನನಗೆ ಕಾಣುವುದು ಎಚ್ಚರಿಕೆ. ನಾಯಿ ಸುಖವಾಗಿರುತ್ತದೆ, ರೋಗಾಣು ಮಾತ್ರ ಮನೆಯೆಲ್ಲ ಹರಡುತ್ತದೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸಾಲದ ಹಣವನ್ನು ಪಡೆಯುವವನು ಒಬ್ಬ, ಅದು ಮುಳುಗಿದಾಗ ತೆರಬೇಕಾದ ಜಾಮೀನುದಾರ ಇನ್ನೊಬ್ಬ. ಜಾಮೀನು ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಓದಿರಿ ಎಂದು ನಾವು ಗ್ರಾಹಕರಿಗೆ ಹೇಳುತ್ತೇವೆ. ಇಲ್ಲಿ ಲಾಭವನ್ನು ಪಡೆಯುವುದು ನಾಯಿ. ಜಾಮೀನು ನಿಂತಿರುವವರು ನೆಲದ ಮೇಲೆ ತೆವಳಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮಗು, ಹೆರಿಗೆಗೆ ತವರಿಗೆ ಬಂದ ಮಗಳು, ಸಕ್ಕರೆ ಕಾಯಿಲೆಯ ಅಜ್ಜ, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲೆಂದು ಊರಿನಿಂದ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿಯೇ ಇಳಿದುಕೊಂಡ ಬಂಧು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು, ಈ ನಾಲ್ಕು ವರ್ಗದವರಿಗೇ ಇಂಥ ರೋಗಾಣುಗಳು ಹೆಚ್ಚು ಅಪಾಯಕಾರಿ ಎಂದು ವೈದ್ಯರು ಹೇಳುತ್ತಾರೆ. ಇವರಲ್ಲಿ ಯಾರ ಸಹಿಯನ್ನೂ ಯಾರೂ ಕೇಳಿಲ್ಲ.

ನಮ್ಮ ಮನೆಗಳ ರಚನೆಯನ್ನೂ ನೆನೆಯಬೇಕು. ಹಿತ್ತಲಿನಲ್ಲಿ ನಾಯಿಗೆ ಬೇರೆ ತಾವು, ಬೇರೆ ಶೀತಪೆಟ್ಟಿಗೆ, ಬೇರೆ ತೊಟ್ಟಿ ಇರುವ ಪಾಶ್ಚಾತ್ಯರ ಮನೆಯಲ್ಲಿ ಸಾಧ್ಯವಾದದ್ದು ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ಸಾಧ್ಯವೇ? ಹಸಿಮಾಂಸ ಕರಗುವ ಫ್ರಿಜ್ಜಿನಲ್ಲಿಯೇ ಮಗುವಿನ ಹಾಲು, ನಾಳೆಯ ದೋಸೆಹಿಟ್ಟು, ಕತ್ತರಿಸಿಟ್ಟ ಹಣ್ಣು ಇರುತ್ತವೆ. ನಾಯಿ ತಿಂದ ತಟ್ಟೆಯೂ ನಮ್ಮ ಲೋಟಗಳೂ ಒಂದೇ ಮೋರಿಯಲ್ಲಿ ತೊಳೆಯಲ್ಪಡುತ್ತವೆ. ತೊಳೆಯುವ ಕೆಲಸದಾಕೆ ಅದೇ ಕೈಯಿಂದ ಮುಂದಿನ ಮೂರು ಮನೆಗಳಿಗೆ ಹೋಗುತ್ತಾಳೆ. ಮಾಂಸ ತಿಂದ ಬಾಯಿಯಿಂದಲೇ ನಾಯಿ ಮಗುವಿನ ಮುಖವನ್ನು ನೆಕ್ಕುತ್ತದೆ. ಅಮೆರಿಕದ ಪಶುವೈದ್ಯಕೀಯ ಸಂಘವು 2012ರಲ್ಲಿಯೇ ಹಸಿ ಅಥವಾ ಅರೆಬೆಂದ ಮಾಂಸವನ್ನು ನಾಯಿ ಬೆಕ್ಕುಗಳಿಗೆ ಕೊಡಬಾರದೆಂದು ನೀತಿಯನ್ನು ಅಂಗೀಕರಿಸಿದೆ. ಸಣ್ಣ ಪ್ರಾಣಿಗಳ ಪಶುವೈದ್ಯರ ವಿಶ್ವಸಂಘದ ಅಭಿಪ್ರಾಯವೂ ಅದೇ. ಸ್ಥಳಾವಕಾಶ ಧಾರಾಳವಾಗಿರುವ ದೇಶದವರೇ ಬೇಡವೆಂದ ಮೇಲೆ ನಮ್ಮ ಇಕ್ಕಟ್ಟಿನ ಮನೆಗಳಿಗೆ ಅದು ಹೇಗೆ ಹಿತವಾದೀತು?

ಖರ್ಚಿನ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು. ನಾಯಿಯ ತೂಕದ ಶೇಕಡಾ 2ರಿಂದ 3ರಷ್ಟು ಮಾಂಸವೆಂಬ ಅವರ ಸೂತ್ರದಂತೆ, 25 ಕಿಲೋ ತೂಕದ ಲ್ಯಾಬ್ರಡಾರ್ ನಾಯಿಗೆ ದಿನಕ್ಕೆ 500ರಿಂದ 750 ಗ್ರಾಂ, ತಿಂಗಳಿಗೆ 15ರಿಂದ 22 ಕಿಲೋ ಮಾಂಸ ಬೇಕಾಗುತ್ತದೆ. ತಮ್ಮ ಪೇಟೆಯ ದರದಿಂದ ವಾಚಕರೇ ಗುಣಿಸಿ ನೋಡಬಹುದು.

ಮೊಸರನ್ನವೂ ಪೂರ್ಣಾಹಾರವಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಮನೆಗಳಲ್ಲಿ ಈಗ ನಡೆದಿರುವುದೆಲ್ಲ ಸರಿಯೆಂದು ಅರ್ಥವಲ್ಲ. ಹಸಿಮಾಂಸದವರು ಎತ್ತಿದ ಒಂದು ಆಕ್ಷೇಪವನ್ನು ನಾವು ತಲೆಬಾಗಿ ಒಪ್ಪಬೇಕು. ನಾಯಿಗೆ ದಿನವೂ ಬರೀ ಮೊಸರನ್ನ, ಇಲ್ಲವೆ ಹಾಲಿನಲ್ಲಿ ನೆನೆಸಿದ ಚಪಾತಿ, ಇಲ್ಲವೆ ಸಾರಿನಲ್ಲಿ ಕಲಸಿದ ತಂಗಳನ್ನ ಹಾಕಿ ಕರ್ತವ್ಯ ಮುಗಿಯಿತೆಂದು ತಿಳಿಯುವುದು ಅದಕ್ಕೆ ಮಾಡುವ ಅನ್ಯಾಯ. ಅಂಥ ಊಟದಲ್ಲಿ ಹೊಟ್ಟೆ ತುಂಬುತ್ತದೆ, ಮೈ ಉಬ್ಬುತ್ತದೆ, ಸಸಾರಜನಕವೂ ಖನಿಜಗಳೂ ಸಾಲುವುದಿಲ್ಲ.

ಹಾಗೆಂದು ಬರೀ ಮಾಂಸವೂ ಪೂರ್ಣವಲ್ಲ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಬೆಳೆಯುವ ಮರಿಗೆ ಅದನ್ನೇ ಹಾಕುತ್ತ ಹೋದರೆ ದೇಹವು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು, ಕಾಲು ಬಾಗಿ, ಚಿಕ್ಕ ನೆಗೆತಕ್ಕೇ ಎಲುಬು ಮುರಿಯುವಂತಾಗುತ್ತದೆ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು 2013ರಲ್ಲಿ ಪುಸ್ತಕ, ಪತ್ರಿಕೆ ಮೊದಲಾದವುಗಳಿಂದ ಮನೆಯಲ್ಲಿ ತಯಾರಿಸುವ ನಾಯಿ ಆಹಾರದ 200 ಪಾಕವಿಧಾನಗಳನ್ನು ಆರಿಸಿ ಪರೀಕ್ಷಿಸಿದರು. ಎಲ್ಲ ಅಗತ್ಯ ಪೋಷಕಾಂಶಗಳನ್ನೂ ಅಮೆರಿಕದ ಕನಿಷ್ಠ ಮಾನದಂಡದಷ್ಟು ಒದಗಿಸುವ ಪಾಕಗಳು ಅವುಗಳಲ್ಲಿ ಒಂಬತ್ತೇ ಇದ್ದವು. ಆದುದರಿಂದ ಹಸಿಯೋ ಬೆಂದದ್ದೋ ಎಂಬ ಜಗಳಕ್ಕಿಂತ, ಊಟ ಸಮತೋಲವಾಗಿದೆಯೇ ಎಂಬ ಪ್ರಶ್ನೆಯೇ ದೊಡ್ಡದು. ನಾಯಿಗೆ ಒಳ್ಳೆಯದಾಗಬೇಕೆಂಬ ಹಂಬಲ ನಿಜವಾಗಿದ್ದರೆ ನಾವು ಬದಲಾಯಿಸಬೇಕಾದದ್ದು ಇದನ್ನು.

ನಮ್ಮಿಂದಾಗುವ ಸುಧಾರಣೆ

ಈ ಕಾರ್ಯಕ್ಕೆ ಬೇಕಾದ ಮುಖ್ಯ ಸಾಧನವು ಪ್ರತಿಯೊಂದು ಕನ್ನಡಿಗರ ಅಡಿಗೆಮನೆಯಲ್ಲಿಯೂ ಇದೆ. ಅದು ಪ್ರೆಶರ್ ಕುಕ್ಕರು. ಅದರೊಳಗಿನ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಮೇಲೆ ಹೇಳಿದ ರೋಗಾಣುಗಳಾಗಲಿ, ಲಾಡಿಹುಳುವಿನ ಕೋಶಗಳಾಗಲಿ ಅದಕ್ಕೆ ಎದುರು ನಿಲ್ಲುವುದಿಲ್ಲ. ಮಾಂಸಾಹಾರಿಗಳು ಎಲುಬು ತೆಗೆದ ಕೋಳಿಮಾಂಸ ಅಥವಾ ಮೀನು, ವಾರಕ್ಕೊಮ್ಮೆ ಸ್ವಲ್ಪ ಪಿತ್ತಜನಕಾಂಗವನ್ನು ಅಕ್ಕಿ ಇಲ್ಲವೆ ರಾಗಿಯೊಡನೆ ಕುಕ್ಕರಿನಲ್ಲಿ ಬೇಯಿಸಿ, ಗಜ್ಜರಿ, ಕುಂಬಳ, ಹುರುಳಿಕಾಯಿಗಳನ್ನು ಸೇರಿಸಿ ಕೊಡಬಹುದು. ಮಾಂಸವನ್ನು ಮನೆಯೊಳಗೆ ತರದ ಸಸ್ಯಾಹಾರಿ ಕುಟುಂಬಗಳೂ ಅಧೀರರಾಗಬೇಕಾಗಿಲ್ಲ. ಬೆಕ್ಕಿಗೆ ಮಾಂಸ ಅನಿವಾರ್ಯ, ನಾಯಿಗೆ ಹಾಗಲ್ಲ. ಬೇಯಿಸಿದ ಮೊಟ್ಟೆ, ಪನೀರು, ಮೊಸರು, ಚೆನ್ನಾಗಿ ಬೆಂದ ಬೇಳೆಗಳಿಂದ ಪಶುವೈದ್ಯರ ಸಲಹೆಯಂತೆ ಯೋಜಿಸಿದ ಆಹಾರದಲ್ಲಿ ಅದು ಆರೋಗ್ಯವಾಗಿರಬಲ್ಲದು. ಮೊಟ್ಟೆಯನ್ನೂ ಬೇಯಿಸಿಯೇ ಕೊಡಬೇಕು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಅಂಶವು ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕ್ಯಾಲ್ಸಿಯಂ ಕೊರತೆಗೆ ತೊಳೆದು ಕುದಿಸಿ ಒಣಗಿಸಿದ ಮೊಟ್ಟೆಯ ಚಿಪ್ಪನ್ನು ನುಣ್ಣಗೆ ಪುಡಿಮಾಡಿ ಬಳಸುವ ಕ್ರಮವುಂಟು. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೂ ಎಲುಬಿಗೆ ಕೇಡು.

ಕೊಡಬಾರದವುಗಳ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸುವುದು ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ಆದುದರಿಂದ ಹುಳಿ, ಸಾಗು, ಪಲ್ಯಗಳ ಶೇಷ ಬೇಡ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಸತ್ಯನಾರಾಯಣ ಪೂಜೆಯ ಸಪಾದವನ್ನು ಪ್ರೀತಿಯಿಂದ ನಾಯಿಗೂ ಒಂದು ತುತ್ತು ಹಾಕುವವರು ಇದನ್ನು ನೆನಪಿಡಬೇಕು. ಚಾಕಲೇಟ್, ಸಕ್ಕರೆಯಿಲ್ಲದ ಮಿಠಾಯಿಗಳಲ್ಲಿ ಬಳಸುವ ಜೈಲಿಟಾಲ್ ಕೂಡ ವಿಷವೇ. ಬೆಂದ ಎಲುಬು ಸೀಳಾಗಿ ಒಡೆದು ಕರುಳನ್ನು ಚುಚ್ಚುತ್ತದೆ, ಅದನ್ನೂ ಹಾಕಬಾರದು.

ಆಹಾರವನ್ನು ಯಾವುದರಿಂದ ಯಾವುದಕ್ಕೆ ಬದಲಾಯಿಸಿದರೂ ಏಳರಿಂದ ಹತ್ತು ದಿನಗಳ ಅವಧಿಯಲ್ಲಿ ಮಾಡಬೇಕು. ಮೊದಲು ಹಳೆಯದು ಮುಕ್ಕಾಲು, ಹೊಸದು ಕಾಲು ಪಾಲು, ಮುಂದೆ ಅರ್ಧಕ್ಕರ್ಧ, ಅನಂತರ ಹೊಸದು ಮುಕ್ಕಾಲು, ಕೊನೆಗೆ ಪೂರ್ತಿ. ಹಠಾತ್ತಾಗಿ ಕೊಬ್ಬಿನ ಮಾಂಸಕ್ಕೆ ಇಳಿದರೆ ವಾಂತಿ ಭೇದಿಗಳಲ್ಲದೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಆದೀತು. ದಿನವೂ ಬೇಯಿಸಲು ಪುರಸತ್ತಿಲ್ಲದವರು, ಸಂಪೂರ್ಣ ಹಾಗೂ ಸಮತೋಲ ಆಹಾರವೆಂದು ಮಾನದಂಡ ಸಹಿತ ನಮೂದಿಸಿರುವ ಸಿದ್ಧ ಆಹಾರವನ್ನು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಕಡೆಯದಾಗಿ ಒಂದು ಆಕ್ಷೇಪ

ನಮ್ಮ ನಾಯಿ ಒಂದು ವರ್ಷದಿಂದ ಹಸಿಮಾಂಸ ತಿನ್ನುತ್ತಿದೆ, ಯಾರಿಗೂ ಏನೂ ಆಗಿಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಹನ್ನೆರಡು ಕಂತು ಸರಿಯಾಗಿ ಬಂದ ಮಾತ್ರಕ್ಕೆ ಹತ್ತು ವರ್ಷದ ಸಾಲ ಭದ್ರವೆಂದು ಯಾವ ಬ್ಯಾಂಕೂ ಬರೆದುಕೊಳ್ಳುವುದಿಲ್ಲ. ಹೈಡಾಟಿಡ್ ಕೋಶದಂಥ ರೋಗವು ವರ್ಷಗಳ ಅನಂತರ ಕಾಣಿಸಿಕೊಳ್ಳುವಾಗ, ಅದರ ಮೂಲವು ನಾಯಿಯ ತಟ್ಟೆಯಲ್ಲಿತ್ತೆಂದು ನೆನೆಯುವವರೂ ಇರುವುದಿಲ್ಲ. ಇಷ್ಟಾದ ಮೇಲೂ ಆ ಮಾರ್ಗವನ್ನು ಬಿಡಲಾರೆವೆನ್ನುವವರು, ಮನೆಯಲ್ಲಿ ಚಿಕ್ಕ ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗಿಗಳು ಇರುವಷ್ಟು ಕಾಲವಾದರೂ ಅದನ್ನು ನಿಲ್ಲಿಸಬೇಕು. ಒಳ ಅಂಗಗಳನ್ನಂತೂ ಎಂದೂ ಹಸಿಯಾಗಿ ಹಾಕಬಾರದು. ಪಾತ್ರೆ, ಚೂರಿ, ಮಣೆಗಳನ್ನು ಬೇರೆಯಾಗಿಟ್ಟು, ಪ್ರತಿ ಸಲವೂ ಸಾಬೂನಿನಿಂದ ಕೈತೊಳೆದು, ವೈದ್ಯರು ಹೇಳಿದ ಅವಧಿಗೆ ತಪ್ಪದೆ ಜಂತುಹುಳುವಿನ ಔಷಧ ಕೊಡಿಸಬೇಕು.

ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಮಹಾವಿದ್ಯಾಲಯವಿರುವ ನಗರ ನಮ್ಮದು. ಬಲ್ಲವರ ಸಲಹೆಗೆ ಇಲ್ಲಿ ಕೊರತೆಯಿಲ್ಲ. ನಮ್ಮ ಸಂಘವು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಮಧುಮೇಹಗಳ ತಪಾಸಣೆಯ ಜೊತೆಗೆ ಒಬ್ಬ ಪಶುವೈದ್ಯರಿಂದ ಒಂದು ಗಂಟೆಯ ಉಪನ್ಯಾಸವನ್ನೂ ಏರ್ಪಡಿಸಿದರೆ ಬಹಳ ಉಪಕಾರವಾದೀತು. ನಾಯಿಯು ತನ್ನ ಊಟವನ್ನು ತಾನೇ ಆರಿಸಿಕೊಳ್ಳಲಾರದು, ಮನೆಯ ಮಗುವೂ ತನ್ನ ಅಪಾಯವನ್ನು ತಾನೇ ಅರಿಯಲಾರದು. ಇಬ್ಬರ ಪರವಾಗಿಯೂ ನಿರ್ಣಯ ಕೈಗೊಳ್ಳುವ ಹೊಣೆ ಮನೆಯ ಹಿರಿಯರದು. ಆ ಹೊಣೆಯನ್ನು ಅರಿತು, ನಾಯಿಯ ಪಾಲನ್ನೂ ನಮ್ಮ ಒಲೆಯ ಮೇಲೆಯೇ ಬೇಯಿಸಿ, ಸಮತೋಲವಾಗಿ ಬಡಿಸುವುದೇ ನಮ್ಮಂಥವರಿಗೆ ತಕ್ಕ ಮಾರ್ಗವೆಂಬುದು ನನ್ನ ನಮ್ರ ಅಭಿಪ್ರಾಯ.